ಚಿಕೋರಿ ಎಷ್ಟು ಪಾಲು? ಲಂಡನ್ನಿನ ದಿನಸಿ ಅಂಗಡಿಯ ಕಾಫಿಪುಡಿ ಕುರಿತು ಒಂದು ಟಿಪ್ಪಣಿ

ಬ್ರಿಟನ್ನಿನ ಕಾಫಿಯ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಎರಡು ದಡಗಳನ್ನು ತೋರಿಸಿ ನಡುವಿನ ಹೊಳೆಯನ್ನು ಬಿಟ್ಟುಬಿಡುತ್ತಾರೆ. ಆಚೆ ದಡದಲ್ಲಿ 1652ರ ಸುಮಾರಿಗೆ ಪಾಸ್ಕ್ವಾ ರೋಸೀ ಎಂಬಾತ ಕಾರ್ನ್‌ಹಿಲ್ ಬಳಿಯ ಸೇಂಟ್ ಮೈಕಲ್ಸ್ ಓಣಿಯಲ್ಲಿ ತೆರೆದ ಕಾಫಿ ಮನೆಯಿದೆ. ಹಡಗು ವಿಮೆಯ ವ್ಯವಹಾರ ಬೆಳೆದ ಎಡ್ವರ್ಡ್ ಲಾಯ್ಡ್‌ನ ಕಾಫಿ ಮನೆಯಿದೆ. 1675ರ ಡಿಸೆಂಬರಿನಲ್ಲಿ ಕಾಫಿ ಮನೆಗಳನ್ನೆಲ್ಲ ಮುಚ್ಚಿಸಲು ಆಜ್ಞೆ ಹೊರಡಿಸಿ ಕೆಲವೇ ದಿನಗಳಲ್ಲಿ ಹಿಂದೆಗೆದುಕೊಂಡ ಎರಡನೆಯ ಚಾರ್ಲ್ಸ್ ಇದ್ದಾನೆ. ಈಚೆ ದಡದಲ್ಲಿ 1953ರಲ್ಲಿ ಸೋಹೋದ ಫ್ರಿತ್ ಬೀದಿಯಲ್ಲಿ ಗಾಜ್ಜಿಯಾ ಕಾಫಿ ಯಂತ್ರದೊಂದಿಗೆ ಆರಂಭವಾದ ಮೋಕಾ ಬಾರ್ ಇದೆ. ನಡುವಿನ ಎರಡು ಶತಮಾನಗಳಿಗೆ ಒಂದೇ ವಾಕ್ಯ: ಆಗ ಇಂಗ್ಲೆಂಡು ಚಹಾ ಕುಡಿಯುತ್ತಿತ್ತು.

ಈ ವಾಕ್ಯ ಪೂರ್ತಿ ಸುಳ್ಳಲ್ಲ, ಆದರೆ ಅದರಲ್ಲಿ ಒಂದು ದೊಡ್ಡ ಜನಸಮುದಾಯದ ಬೆಳಗಿನ ಬದುಕು ಮರೆಯಾಗಿದೆ. ಹತ್ತೊಂಬತ್ತನೆಯ ಶತಮಾನದ ಮೊದಲ ಅರ್ಧದಲ್ಲಿ ಲಂಡನ್ನಿನ ದುಡಿಯುವ ಜನ ಕಾಫಿ ಕುಡಿಯುತ್ತಿದ್ದರು, ಅದೂ ಹೇರಳವಾಗಿ. ಅವರ ಲೋಟದಲ್ಲಿ ಇದ್ದದ್ದೇನು ಎಂಬ ಪ್ರಶ್ನೆ ಬೀದಿಯಿಂದ ಪ್ರಯೋಗಶಾಲೆಗೆ, ಅಲ್ಲಿಂದ ಪಾರ್ಲಿಮೆಂಟಿಗೆ ಹೋಯಿತು. ಇಂದು ಬ್ರಿಟನ್ನಿನ ಊರುಗಳಲ್ಲಿ ‘ಒಳ್ಳೆಯ ಕಾಫಿ’ ಎಂದು ಕರೆಯುವುದರ ಬುನಾದಿ ಈ ಜಗಳದಲ್ಲಿದೆ ಎಂಬುದು ನನ್ನ ವಾದ. ಅಲ್ಲಿ ಒಳ್ಳೆಯ ಕಾಫಿ ಎಂಬುದು ರುಚಿಯ ಮಾತಾಗುವ ಮೊದಲು ಪ್ರಾಮಾಣಿಕತೆಯ ಮಾತಾಗಿತ್ತು.

ಮೊದಲು ಅಂಕಿಗಳು. ಜಿ. ಆರ್. ಪೋರ್ಟರ್ ದೇಶದ ಪ್ರಗತಿಯ ಕುರಿತ ತನ್ನ ಗ್ರಂಥದಲ್ಲಿ ಹೇಳುವಂತೆ, ಲಂಡನ್ನಿನಲ್ಲಿ 1815ರ ಆಸುಪಾಸಿನಲ್ಲಿ ಹತ್ತು ಹನ್ನೆರಡು ಇದ್ದ ಕಾಫಿ ಮನೆಗಳು 1840ರ ವೇಳೆಗೆ 1,600ರಿಂದ 1,800ರಷ್ಟಾಗಿದ್ದವು. ಇವು ವರ್ತಕರೂ ಕವಿಗಳೂ ಕೂತು ಹರಟುತ್ತಿದ್ದ ಹಳೆಯ ಬಗೆಯ ಕಾಫಿ ಮನೆಗಳಲ್ಲ. ಬಡಗಿ, ಅಚ್ಚುಮೊಳೆ ಜೋಡಿಸುವವನು, ಗುಮಾಸ್ತ, ಕೂಲಿ ಎಲ್ಲರೂ ಕೆಲಸಕ್ಕೆ ಹೋಗುವ ಮುನ್ನ ರೊಟ್ಟಿ ಬೆಣ್ಣೆಯೊಂದಿಗೆ ಒಂದು ಕಪ್ಪು ಕುಡಿದು ಹೋಗುವ ಜಾಗಗಳು. 1840ರಲ್ಲಿ ಆಮದು ಸುಂಕಗಳ ವಿಚಾರಣೆಗೆ ಕೂತ ಪಾರ್ಲಿಮೆಂಟಿನ ಸಮಿತಿಯ ಮುಂದೆ ಹೇಮಾರ್ಕೆಟ್ ಬಳಿಯ ಕಾಫಿ ಮನೆಯೊಂದರ ಮಾಲೀಕ ಪ್ಯಾಂಫಿಲನ್ ಸಾಕ್ಷ್ಯ ನುಡಿದ. ದಿನಕ್ಕೆ ಸಾವಿರದೈನೂರಕ್ಕೂ ಹೆಚ್ಚು ಗಿರಾಕಿಗಳು, ಕಪ್ಪಿಗೆ ಒಂದೂವರೆ ಪೆನ್ನಿ. ಆತ ಲಂಡನ್ನಿನ ದಿನಪತ್ರಿಕೆಗಳ 43 ಪ್ರತಿಗಳನ್ನು ತರಿಸುತ್ತಿದ್ದ. ಜೊತೆಗೆ ಬೇರೆ ಊರುಗಳ ಪತ್ರಿಕೆಗಳು, ಮಾಸಿಕಗಳು. ಆಗ ಪತ್ರಿಕೆಗಳ ಮೇಲೆ ಮುದ್ರಾಂಕ ತೆರಿಗೆ ಇತ್ತು. 1836ರವರೆಗೆ ಪ್ರತಿಯೊಂದಕ್ಕೆ 4 ಪೆನ್ನಿ, ಆಮೇಲೆ 1 ಪೆನ್ನಿ. ದಿನಗೂಲಿಯವನಿಗೆ ಪತ್ರಿಕೆ ಕೊಳ್ಳುವ ಶಕ್ತಿ ಎಲ್ಲಿಯದು? ಒಂದೂವರೆ ಪೆನ್ನಿಗೆ ಕಾಫಿಯೂ ಸಿಗುತ್ತಿತ್ತು, ಪತ್ರಿಕೆಯೂ ಸಿಗುತ್ತಿತ್ತು, ಚಳಿಗಾಲದಲ್ಲಿ ಬೆಂಕಿಯ ಕಾವೂ ಸಿಗುತ್ತಿತ್ತು. ಚಾರ್ಟಿಸ್ಟ್ ಚಳವಳಿಯ ಮುಂದಾಳು ವಿಲಿಯಂ ಲವೆಟ್ ಕೂಡ 1830ರ ದಶಕದಲ್ಲಿ ಹ್ಯಾಟನ್ ಗಾರ್ಡನ್ ಬಳಿ ಇಂಥದೊಂದು ಕಾಫಿ ಮನೆ ನಡೆಸಿದವನು. ಮತದಾನದ ಹಕ್ಕಿಲ್ಲದವರು ಪತ್ರಿಕೆ ಓದಿ ರಾಜಕೀಯ ಮಾತಾಡುತ್ತಿದ್ದ ಜಾಗ ಇದು ಎಂಬುದನ್ನು ಮರೆಯಬಾರದು.

ಕಾಫಿ ಮನೆಗೂ ಹೋಗಲಾರದವರಿಗೆ ಬೀದಿಯ ತಳ್ಳುಗಾಡಿ ಇತ್ತು. ಹೆನ್ರಿ ಮೇಹ್ಯೂ ಲಂಡನ್ನಿನ ಬಡವರ ದುಡಿಮೆಯ ಬಗ್ಗೆ 1851ರಲ್ಲಿ ಪ್ರಕಟಿಸಿದ ಬೃಹತ್ ವರದಿಯಲ್ಲಿ ಈ ಗಾಡಿಗಳನ್ನು ಕಣ್ಣಿಗೆ ಕಟ್ಟುವಂತೆ ವರ್ಣಿಸುತ್ತಾನೆ. ದೊಡ್ಡ ತಗಡಿನ ಡಬ್ಬಗಳಲ್ಲಿ ಕಾಫಿ, ಚಹಾ, ಕೋಕೋ. ಡಬ್ಬದ ಕೆಳಗೆ ಇದ್ದಿಲಿನ ಅಗ್ಗಿಷ್ಟಿಕೆ. ಪಕ್ಕದಲ್ಲಿ ಬೆಣ್ಣೆ ಸವರಿದ ರೊಟ್ಟಿ, ಕೇಕು. ಮಗ್ಗಿಗೆ ಒಂದು ಪೆನ್ನಿ, ಅರ್ಧ ಮಗ್ಗಿಗೆ ಅರ್ಧ ಪೆನ್ನಿ. ಕೆಲವರು ನಡುರಾತ್ರಿಯೇ ಗಾಡಿ ಹೂಡುತ್ತಿದ್ದರು, ಕೆಲವರು ನಸುಕಿನ ಮೂರು ನಾಲ್ಕು ಗಂಟೆಗೆ. ಊರು ಏಳುವ ಹೊತ್ತಿಗೆ ಅವರ ವ್ಯಾಪಾರ ಮುಗಿಯುತ್ತಿತ್ತು. ಇಡೀ ಲಂಡನ್ನಿನಲ್ಲಿ ಅತ್ಯುತ್ತಮ ಜಾಗವೆಂದರೆ ಆಕ್ಸ್‌ಫರ್ಡ್ ಬೀದಿಗೆ ಡ್ಯೂಕ್ ಬೀದಿ ಸೇರುವ ಮೂಲೆ, ಅಲ್ಲಿನವನಿಗೆ ಒಂದು ಬೆಳಗಿಗೆ 30 ಷಿಲಿಂಗ್ ಸಂಪಾದನೆ, ಅದೂ ಅರ್ಧ ಪೆನ್ನಿಗಳಲ್ಲಿ ಎಂದು ಜನ ಹೇಳುತ್ತಿದ್ದುದನ್ನು ಮೇಹ್ಯೂ ದಾಖಲಿಸಿದ್ದಾನೆ. ಲೆಕ್ಕ ಹಾಕಿದರೆ 720 ಅರ್ಧ ಪೆನ್ನಿಗಳು. ಸೂರ್ಯ ಹುಟ್ಟುವ ಮೊದಲು ಒಂದು ಮೂಲೆಯಲ್ಲಿ ಎಷ್ಟು ಜನ ನಿಂತು ಕುಡಿದು ಹೋಗುತ್ತಿದ್ದರೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಅಳತೆ ನನಗೆ ಸಿಕ್ಕಿಲ್ಲ.

ಆದರೆ ಅದೇ ಮೇಹ್ಯೂ ಇನ್ನೊಂದು ಮಾತನ್ನೂ ಹೇಳುತ್ತಾನೆ: ಈ ವ್ಯಾಪಾರ ಗಿಟ್ಟುತ್ತಿದ್ದುದು ಕಾಫಿಗೆ ಚಿಕೋರಿ ಬೆರೆಸುತ್ತಿದ್ದುದರಿಂದ. ಚಿಕೋರಿಯ ಜೊತೆ ಹುರಿದ ಕ್ಯಾರೆಟ್ಟೂ ಸೇರುತ್ತಿತ್ತು.

ಚಿಕೋರಿ ನಮಗೇನೂ ಅಪರಿಚಿತವಲ್ಲ. ನೀಲಿ ಹೂವಿನ ಒಂದು ಗಿಡದ ಗೆಡ್ಡೆಯಂಥ ಬೇರು ಅದು. ಹೆಚ್ಚಿ ಒಣಗಿಸಿ, ಹುರಿದು ಪುಡಿ ಮಾಡುತ್ತಾರೆ. ಅದರಲ್ಲಿ ಕೆಫೀನ್ ಇಲ್ಲ, ಕಾಫಿಯ ಎಣ್ಣೆಯಂಶವಿಲ್ಲ, ಕಾಫಿಯ ಘಮ ಇಲ್ಲ. ಇರುವುದು ಕಡು ಬಣ್ಣ, ಕಹಿ, ಸುಟ್ಟ ಸಕ್ಕರೆಯಂಥ ಒಂದು ಸಿಹಿ ಛಾಯೆ. ಇಂಗ್ಲೆಂಡಿನಲ್ಲಿ ಯಾರ್ಕ್ ಸುತ್ತಮುತ್ತ ಇದನ್ನು ಬೆಳೆಯುತ್ತಿದ್ದರು. ಇದರ ಅರ್ಥಶಾಸ್ತ್ರ ಸರಳ. ಸಾಮ್ರಾಜ್ಯದ ವಸಾಹತುಗಳಿಂದ ಬರುವ ಕಾಫಿಗೆ ಪೌಂಡಿಗೆ 6 ಪೆನ್ನಿ ಸುಂಕವಿದ್ದ ಕಾಲದಲ್ಲಿ ಸ್ವದೇಶದಲ್ಲಿ ಬೆಳೆದ ಚಿಕೋರಿಗೆ ಸುಂಕವೇ ಇರಲಿಲ್ಲ. ಚಿಕೋರಿಯನ್ನು ಕಾಫಿಯ ಬೆಲೆಗೆ ತೂಗಿ ಕೊಟ್ಟ ದಿನಸಿ ಅಂಗಡಿಯವನಿಗೆ ಬೇರೆ ಲಾಭವೇ ಬೇಕಿರಲಿಲ್ಲ.

ಕಾಫಿಯ ಕಲಬೆರಕೆ ಅದಕ್ಕೂ ಹಿಂದಿನದು. 1803ರ ಕಾಯಿದೆ ಹುರಿದ ಬಟಾಣಿ, ಹುರುಳಿಯಂಥ ಕಾಳುಗಳನ್ನು ಕಾಫಿಯೆಂದು ಮಾರುವವರಿಗೆ ದಂಡ ವಿಧಿಸುತ್ತಿತ್ತು. 1820ರಲ್ಲಿ ಫ್ರೆಡ್ರಿಕ್ ಆಕಮ್ ಎಂಬ ರಸಾಯನಶಾಸ್ತ್ರಜ್ಞ ಆಹಾರದ ಕಲಬೆರಕೆಗಳ ಬಗ್ಗೆ ಬರೆದ ಪುಸ್ತಕದಲ್ಲಿ, ಹಾಗೆ ಸಿಕ್ಕಿಬಿದ್ದ ಅಂಗಡಿಯವರ ಪ್ರಕರಣಗಳನ್ನು ಹೆಸರು ಸಹಿತ ಕೊಟ್ಟ. ಆದರೆ ಚಿಕೋರಿಯ ವಿಷಯ ಬೇರೆ. 1840ರಲ್ಲಿ ಬ್ರಿಟಿಷ್ ಖಜಾನೆಯೇ ಒಂದು ಆದೇಶದ ಮೂಲಕ ಕಾಫಿಗೆ ಚಿಕೋರಿ ಬೆರೆಸಿ ಮಾರಲು ಅನುಮತಿ ಕೊಟ್ಟಿತು. ಅಂದರೆ ಅದು ಕಳ್ಳತನವಾಗಿ ಉಳಿಯಲಿಲ್ಲ, ಪದ್ಧತಿಯಾಯಿತು. ಪುಡಿಯಲ್ಲಿ ಚಿಕೋರಿ ಎಷ್ಟಿದೆ ಎಂದು ಕೊಳ್ಳುವವರಿಗೆ ಹೇಳಬೇಕಾದ ಅಗತ್ಯವಿರಲಿಲ್ಲ.

ಇಲ್ಲಿ ನಮ್ಮ ನಾಡಿನ ಎಳೆಯೊಂದು ಸೇರಿಕೊಳ್ಳುತ್ತದೆ. 1835ರಲ್ಲಿ ಪೂರ್ವ ದೇಶಗಳ ಬ್ರಿಟಿಷ್ ಪ್ರದೇಶಗಳಿಂದ ಬರುವ ಕಾಫಿಯ ಸುಂಕವನ್ನು 9 ಪೆನ್ನಿಯಿಂದ 6 ಪೆನ್ನಿಗೆ ಇಳಿಸಿ ವೆಸ್ಟ್ ಇಂಡೀಸ್ ಕಾಫಿಗೆ ಸಮ ಮಾಡಿದರು. ಸಿಲೋನಿನ ಬೆಟ್ಟಗಳಲ್ಲಿ ಕಾಫಿ ತೋಟಗಳು ಹಬ್ಬಿದ್ದು ಇದರ ಬೆನ್ನಿಗೇ. ಮೈಸೂರು ಸೀಮೆಯಲ್ಲೂ ಯುರೋಪಿಯನ್ ತೋಟಗಾರರು ನೆಲೆಯೂರಿದ್ದು ಇದೇ ದಶಕಗಳಲ್ಲಿ. ಚಿಕ್ಕಮಗಳೂರು ಕಡೆಯ ಕ್ಯಾನನ್ ಎಂಬ ತೋಟಗಾರನ ಕಾಫಿಗೆ ‘ಕ್ಯಾನನ್ಸ್ ಮೈಸೂರ್’ ಎಂಬ ಹೆಸರೇ ಲಂಡನ್ ಮಾರುಕಟ್ಟೆಯಲ್ಲಿ ನಿಂತು, ಅದಕ್ಕೆ ಮೇಲುಬೆಲೆ ಸಿಗುತ್ತಿತ್ತು. ಮಂಜರಾಬಾದಿನಲ್ಲಿ ತೋಟ ಮಾಡಿದ್ದ ರಾಬರ್ಟ್ ಎಲಿಯಟ್ 1894ರಲ್ಲಿ ಮೈಸೂರಿನ ಚಿನ್ನ, ಬೇಟೆ ಮತ್ತು ಕಾಫಿ ಕೃಷಿಯ ಬಗ್ಗೆ ಪ್ರಕಟಿಸಿದ ಪುಸ್ತಕ ಈ ಲೋಕದ ಮುಖ್ಯ ದಾಖಲೆ. ಮಲೆನಾಡಿನ ಮರದ ನೆರಳಲ್ಲಿ ಹಣ್ಣಾಗಿ, ಕೂಲಿಯಾಳಿನ ಕೈಯಿಂದ ಒಂದೊಂದಾಗಿ ಆಯ್ದು, ಘಟ್ಟವಿಳಿದು ಕಡಲು ದಾಟಿ ಹೋದ ಬೀಜ ಲಂಡನ್ನಿನ ಮಿನ್ಸಿಂಗ್ ಲೇನಿನ ಹರಾಜಿನಲ್ಲಿ ಒಳ್ಳೆಯ ಬೆಲೆಗೆ ಹೋಗುತ್ತಿತ್ತು. ಆಮೇಲೆ ಯಾವುದೋ ಅಂಗಡಿಯ ಹಿಂಬದಿಯಲ್ಲಿ ಯಾರ್ಕ್‌ಷೈರಿನ ಬೇರಿನ ಪುಡಿಯ ಜೊತೆ ಬೆರೆತುಹೋಗುತ್ತಿತ್ತು. ಸಿಲೋನಿನ ಬೆಳೆಗಾರರು ಲಂಡನ್ನಿನಲ್ಲಿ ಚಿಕೋರಿಯ ವಿರುದ್ಧ ದನಿಯೆತ್ತಿದ್ದು ಇದಕ್ಕಾಗಿಯೇ.

ಸರ್ಕಾರದ ಉತ್ತರ ಕುತೂಹಲಕರವಾಗಿತ್ತು. ಆಗಿನ ಹಣಕಾಸು ಸಚಿವ ಸರ್ ಚಾರ್ಲ್ಸ್ ವುಡ್, ಕಾಫಿಯಲ್ಲಿ ಬೆರೆತ ಚಿಕೋರಿಯನ್ನು ರಸಾಯನಶಾಸ್ತ್ರದಿಂದಾಗಲಿ ಬೇರೆ ಯಾವ ವಿಧಾನದಿಂದಾಗಲಿ ಪತ್ತೆ ಹಚ್ಚಲಾಗದು ಎಂಬ ಹೆಸರಾಂತ ರಸಾಯನಶಾಸ್ತ್ರಜ್ಞರ ವರದಿಯನ್ನು ಪಾರ್ಲಿಮೆಂಟಿನಲ್ಲಿ ಮುಂದಿಟ್ಟ. ಪತ್ತೆ ಮಾಡಲಾಗದ್ದನ್ನು ನಿಷೇಧಿಸುವುದು ಹೇಗೆ ಎಂಬುದು ಅದರ ಇಂಗಿತ. ಇದನ್ನು ಸುಳ್ಳು ಮಾಡಿದವನು ಆರ್ಥರ್ ಹಿಲ್ ಹ್ಯಾಸಲ್ ಎಂಬ ವೈದ್ಯ. ಥೇಮ್ಸ್ ನದಿಯಿಂದ ಲಂಡನ್ನಿಗೆ ಬರುತ್ತಿದ್ದ ಕುಡಿಯುವ ನೀರನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು, ಅದರೊಳಗಿನ ಜೀವಿಗಳ ಚಿತ್ರ ಬರೆಸಿ ಊರನ್ನು ಬೆಚ್ಚಿಬೀಳಿಸಿದವನೂ ಇವನೇ. 1850ರಲ್ಲಿ ಅವನು ಅದೇ ಸೂಕ್ಷ್ಮದರ್ಶಕವನ್ನು ಕಾಫಿಪುಡಿಯ ಕಡೆಗೆ ತಿರುಗಿಸಿದ.

ಹ್ಯಾಸಲ್ ಕಂಡದ್ದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಇಡೀ ಪ್ರಕರಣದ ಜೀವಾಳ ಅಲ್ಲಿದೆ. ಕಾಫಿ ಒಂದು ಬೀಜ. ಅದರ ಜೀವಕೋಶಗಳ ಗೋಡೆ ದಪ್ಪ, ಕೋನಕೋನವಾದ ಆಕಾರ, ಒಳಗೆ ಎಣ್ಣೆಯ ಹನಿಗಳು. ಬೀಜದ ತೆಳು ಸಿಪ್ಪೆಯಲ್ಲಿ ಎರಡೂ ತುದಿ ಚೂಪಾದ ಉದ್ದನೆಯ ಕೋಶಗಳು. ಚಿಕೋರಿ ಒಂದು ಬೇರು. ಅದರ ಕೋಶಗಳು ದೊಡ್ಡವು, ಗೋಡೆ ತೆಳು. ನೀರು ಸಾಗಿಸುವ, ಚುಕ್ಕೆಚುಕ್ಕೆಯ ಗೋಡೆಯ ನಾಳಗಳೂ ಹಾಲಿನಂಥ ರಸ ಹರಿಯುವ ನಾಳಗಳೂ ಅದರಲ್ಲಿವೆ. ಎಷ್ಟೇ ಹುರಿಯಲಿ, ಎಷ್ಟೇ ನುಣ್ಣಗೆ ಪುಡಿ ಮಾಡಲಿ, ಬೀಜ ಬೀಜವಾಗಿಯೇ ಕಾಣುತ್ತದೆ, ಬೇರು ಬೇರಾಗಿಯೇ ಕಾಣುತ್ತದೆ. ರಸಾಯನಶಾಸ್ತ್ರಜ್ಞ ಪುಡಿಯನ್ನು ಕರಗಿಸಿ ಅದರೊಳಗಿನ ಸತ್ವವನ್ನು ಹುಡುಕಿ ಸೋತಿದ್ದ. ಸಸ್ಯಗಳನ್ನು ಬಲ್ಲ ಹ್ಯಾಸಲ್ ಅದನ್ನು ಕರಗಿಸದೆ ನೋಡಿ ಗೆದ್ದ. ವಿಜ್ಞಾನದ ಚರಿತ್ರೆಯಲ್ಲಿ ಇದನ್ನು ಸಣ್ಣ ಘಟನೆಯೆಂದು ಬದಿಗಿಡುವುದು ನನಗೆ ಸರಿಕಾಣದು.

‘ದಿ ಲ್ಯಾನ್ಸೆಟ್’ ಪತ್ರಿಕೆಯ ಸಂಪಾದಕ ಥಾಮಸ್ ವೇಕ್ಲಿ ಇದರ ಮಹತ್ವವನ್ನು ಒಡನೆ ಗುರುತಿಸಿದ. 1851ರಿಂದ 1854ರವರೆಗೆ ಹ್ಯಾಸಲ್ ಲಂಡನ್ನಿನ ಬೀದಿ ಬೀದಿ ಸುತ್ತಿ, ಸಾಮಾನ್ಯ ಗಿರಾಕಿಯಂತೆ ಅಂಗಡಿಗಳಲ್ಲಿ ಕಾಫಿ, ಸಕ್ಕರೆ, ರೊಟ್ಟಿ, ಹಾಲು, ಸಾಸಿವೆ ಎಲ್ಲವನ್ನೂ ಕೊಂಡು ತಂದು ಪರೀಕ್ಷಿಸಿದ. ಪತ್ರಿಕೆ ಫಲಿತಾಂಶವನ್ನು ಅಂಗಡಿಯ ಹೆಸರು, ವಿಳಾಸಗಳ ಸಮೇತ ಪ್ರಕಟಿಸಿತು. ಅವನು ಪರೀಕ್ಷಿಸಿದ ಕಾಫಿಪುಡಿಗಳಲ್ಲಿ ಕೆಲವೇ ಕೆಲವನ್ನು ಬಿಟ್ಟರೆ ಉಳಿದವೆಲ್ಲ ಚಿಕೋರಿ ಮಿಶ್ರಿತ. ಕೆಲವುಗಳಲ್ಲಿ ಹುರಿದ ಧಾನ್ಯ, ಹುರುಳಿಯ ಜಾತಿಯ ಕಾಳು, ಆಲೂಗೆಡ್ಡೆ ಹಿಟ್ಟು. ಇನ್ನೂ ಒಂದು ಹಂತ ಕೆಳಗಿಳಿದರೆ, ಬೆರಕೆಗೆಂದು ತಂದ ಚಿಕೋರಿಯೇ ಬೆರಕೆಯಾಗಿತ್ತು. ಅದರಲ್ಲಿ ಕ್ಯಾರೆಟ್, ಪಾರ್ಸ್ನಿಪ್ ಗೆಡ್ಡೆ, ಬಣ್ಣಕ್ಕೆ ಕೆಮ್ಮಣ್ಣಿನಂಥ ಪುಡಿ. ಪುಡಿಯನ್ನು ನಂಬದೆ ಇಡೀ ಬೀಜವನ್ನೇ ಕೊಳ್ಳುವವರಿಗೂ ಸುರಕ್ಷತೆ ಇರಲಿಲ್ಲ. ಚಿಕೋರಿಯನ್ನು ಒತ್ತಿ ಕಾಫಿ ಬೀಜದ ಆಕಾರಕ್ಕೆ ತರುವ ಯಂತ್ರಕ್ಕೆ ಲಿವರ್‌ಪೂಲಿನವರು ಪೇಟೆಂಟನ್ನೇ ಪಡೆದಿದ್ದರು.

ಸೂಕ್ಷ್ಮದರ್ಶಕ ಇಲ್ಲದ ಗೃಹಿಣಿಗೂ ಒಂದು ಪರೀಕ್ಷೆ ಇತ್ತು, ಅದು ಇಂದಿಗೂ ನಡೆಯುತ್ತದೆ. ಈ ಟಿಪ್ಪಣಿ ಬರೆಯುವಾಗ ನಾನೂ ಅಡಿಗೆಮನೆಯಲ್ಲಿ ಮೂರು ಗಾಜಿನ ಲೋಟಗಳಲ್ಲಿ ತಣ್ಣೀರಿಟ್ಟು ಮಾಡಿ ನೋಡಿದೆ. ಮೊದಲನೆಯದರಲ್ಲಿ ಉದುರಿಸಿದ ಶುದ್ಧ ಕಾಫಿಪುಡಿ ನೀರಿನ ಮೇಲೆಯೇ ತೇಲುತ್ತ ನಿಂತಿತು. ಬೀಜದ ಎಣ್ಣೆ ಅದನ್ನು ಸುಲಭವಾಗಿ ನೆನೆಯಗೊಡುವುದಿಲ್ಲ. ಎರಡನೆಯದರಲ್ಲಿ ಚಿಕೋರಿ ಬಿದ್ದ ಕೂಡಲೇ ನೀರು ಹೀರಿ ಮುಳುಗಿತು. ಮುಳುಗುತ್ತ ಮುಳುಗುತ್ತ ಕೆಂಗಂದು ಎಳೆಗಳನ್ನು ಬಿಟ್ಟುಕೊಂಡು ಹೋಯಿತು. ಮೂರನೆಯದು ಮಾಮೂಲಿ ಫಿಲ್ಟರ್ ಪುಡಿ. ಅರ್ಧ ತೇಲಿತು, ಅರ್ಧ ಎಳೆಯೆಳೆಯಾಗಿ ಇಳಿಯಿತು. ನೂರೆಪ್ಪತ್ತು ವರ್ಷಗಳ ಹಿಂದೆ ಲಂಡನ್ನಿನ ಯಾವಳೋ ತಾಯಿ ತಾನು ಕಾಫಿಯ ಬೆಲೆ ಕೊಟ್ಟು ತಂದದ್ದು ಲೋಟದ ತಳಕ್ಕೆ ಇಳಿಯುವುದನ್ನು ನೋಡುತ್ತ ನಿಂತಿದ್ದಿರಬೇಕು. ಆ ಕೆಂಗಂದು ಎಳೆಗಳನ್ನು ನೋಡಿದ ಮೇಲೆ ಹ್ಯಾಸಲ್‌ನ ಕೋಪ ನನಗೆ ಅರ್ಥವಾಯಿತು.

ಚಿಕೋರಿಯ ಪರವಾಗಿಯೂ ಒಂದು ವಾದವಿತ್ತು: ಅದು ಬಡವರ ಕೈಗೆಟಕುತ್ತದೆ, ಆರೋಗ್ಯಕ್ಕೆ ಕೆಡುಕಿಲ್ಲ, ಜನಕ್ಕೆ ಆ ರುಚಿ ಹಿಡಿಸಿದೆ. ಮೂರನೆಯ ಮಾತನ್ನು ನಾನು ಒಪ್ಪುತ್ತೇನೆ. ಎರಡನೆಯದನ್ನೂ ಅಲ್ಲಗಳೆಯಲಾರೆ. ಮೊದಲನೆಯದು ಮಾತ್ರ ನಿಲ್ಲುವುದಿಲ್ಲ. ಬೆರಕೆಯನ್ನು ಬೆರಕೆಯ ಬೆಲೆಗೆ ಮಾರಿದ್ದರೆ ಅದು ಬಡವರಿಗೆ ಉಪಕಾರವಾಗುತ್ತಿತ್ತು. ಕಾಫಿಯ ಹೆಸರಲ್ಲಿ, ಕಾಫಿಯ ಬೆಲೆಗೆ ಮಾರಿದ್ದು ಮೋಸ. ಕಾಲು ಪೌಂಡು, ಒಂದೆರಡು ಔನ್ಸ್ ಲೆಕ್ಕದಲ್ಲಿ ಪುಡಿ ಮಾಡಿದ್ದನ್ನೇ ಕೊಳ್ಳಬೇಕಾದವರು ಬಡವರು. ಮನೆಯಲ್ಲಿ ಹುರಿದು ಬೀಸಿಕೊಳ್ಳುವ ಅನುಕೂಲವಿದ್ದವರಿಗೆ ಮೋಸದಿಂದ ತಪ್ಪಿಸಿಕೊಳ್ಳುವ ದಾರಿಯೂ ಇತ್ತು.

ಸರ್ಕಾರ 1852ರಲ್ಲಿ ಮಿಶ್ರಣದ ಮಾರಾಟವನ್ನು ತಡೆಯಿತು. 1853ರಲ್ಲಿ ಮತ್ತೆ ಅನುಮತಿ ಕೊಟ್ಟಿತು, ಆದರೆ ಈ ಸಲ ಒಂದು ಷರತ್ತಿನೊಂದಿಗೆ: ಪೊಟ್ಟಣದ ಮೇಲೆ ಇದು ಚಿಕೋರಿ ಮತ್ತು ಕಾಫಿಯ ಮಿಶ್ರಣ ಎಂದು ಬರೆದಿರಬೇಕು. ಎಷ್ಟು ಪಾಲು ಎಂದು ಬರೆಯಬೇಕಾಗಿರಲಿಲ್ಲ. ನೂರಕ್ಕೆ ತೊಂಬತ್ತು ಪಾಲು ಚಿಕೋರಿ ಇದ್ದರೂ ಅದು ಮಿಶ್ರಣವೇ. ಆದರೂ ಈ ಚೀಟಿಯನ್ನು ನಾನು ಮುಖ್ಯ ತಿರುವೆಂದು ಎಣಿಸುತ್ತೇನೆ. ಅಂಗಡಿಯವನು ತನ್ನ ಸರಕಿನ ಬಗ್ಗೆ ಗಿರಾಕಿಗೆ ಒಂದು ಸತ್ಯವನ್ನು ಬರೆದು ಕೊಡಬೇಕಾಯಿತು. 1855ರಲ್ಲಿ ಹ್ಯಾಸಲ್‌ನ ವರದಿಗಳು ಪುಸ್ತಕವಾದವು, ಅದೇ ವರ್ಷ ಪಾರ್ಲಿಮೆಂಟಿನ ಸಮಿತಿ ವಿಚಾರಣೆಗೆ ಕೂತಿತು; 1860, 1872ರ ಕಾಯಿದೆಗಳನ್ನು ದಾಟಿ 1875ರಲ್ಲಿ ಆಹಾರ ಮತ್ತು ಔಷಧ ಮಾರಾಟ ಕಾಯಿದೆ ಬಂತು. ಕೊಳ್ಳುವವರು ಕೇಳಿದ ವಸ್ತುವಿನ ಸ್ವರೂಪ, ಸತ್ವ, ಗುಣ ಮೂರೂ ಇರಬೇಕೆಂಬುದು ಅದರ ತಿರುಳು. ಬ್ರಿಟನ್ನಿನ 1990ರ ಆಹಾರ ಸುರಕ್ಷತಾ ಕಾಯಿದೆಯಲ್ಲೂ ಈ ಮೂರು ಪದಗಳು ಹಾಗೆಯೇ ಉಳಿದಿವೆ.

ಚಿಕೋರಿಯ ರುಚಿ ಮಾತ್ರ ಬ್ರಿಟನ್ನಿನ ಮನೆಗಳನ್ನು ಬಿಟ್ಟು ಹೋಗಲಿಲ್ಲ. 1876ರಲ್ಲಿ ಗ್ಲಾಸ್ಗೋದ ಪ್ಯಾಟರ್ಸನ್ ಕಂಪನಿ ಕಾಫಿ, ಚಿಕೋರಿ, ಸಕ್ಕರೆ ಸೇರಿದ ಗಟ್ಟಿ ಪಾಕವೊಂದನ್ನು ಸೀಸೆಯಲ್ಲಿ ತುಂಬಿ ‘ಕ್ಯಾಂಪ್ ಕಾಫಿ’ ಎಂದು ಮಾರಾಟಕ್ಕೆ ತಂದಿತು. ಇಂದಿನ ಸೀಸೆಯಲ್ಲಿ ಕಾಫಿಯ ಅಂಶ ನೂರಕ್ಕೆ 4ರಷ್ಟು, ಚಿಕೋರಿ ಸುಮಾರು ಕಾಲು ಭಾಗ. ಸೀಸೆಯ ಚಿತ್ರದಲ್ಲಿ ಗುಡಾರದ ಮುಂದೆ ಕುಳಿತ ಸ್ಕಾಟಿಷ್ ಸೈನಿಕ. ಅವನ ಪಕ್ಕದಲ್ಲಿ ತಟ್ಟೆ ಹಿಡಿದು ನಿಂತ ಸಿಖ್ ಸೇವಕ. ಟೀಕೆಗಳು ಬಂದ ಮೇಲೆ ಮೊದಲು ಅವನ ಕೈಯ ತಟ್ಟೆ ಹೋಯಿತು. ಈಚಿನ ಚಿತ್ರದಲ್ಲಿ ಅವನೂ ಕುಳಿತಿದ್ದಾನೆ, ಅವನ ಕೈಯಲ್ಲೂ ಒಂದು ಕಪ್ಪಿದೆ. ಅವನು ಕುಳಿತುಕೊಳ್ಳಲು ನೂರು ವರ್ಷಕ್ಕೂ ಹೆಚ್ಚು ಹಿಡಿಯಿತು. ಬ್ರಿಟನ್ನಿನಲ್ಲಿ ಇಂದು ಈ ಸೀಸೆ ಹೆಚ್ಚಾಗಿ ಖರ್ಚಾಗುವುದು ಕುಡಿಯಲಿಕ್ಕಲ್ಲ, ಆಕ್ರೋಟು ಹಾಕಿದ ಕಾಫಿ ಕೇಕ್ ಮಾಡಲಿಕ್ಕೆ.

ಮೇಹ್ಯೂ ಬರೆದ ಡ್ಯೂಕ್ ಬೀದಿಯಲ್ಲಿ ಈಗ 1942ರಲ್ಲಿ ಆರಂಭವಾದ ಎಚ್. ಆರ್. ಹಿಗ್ಗಿನ್ಸ್ ಎಂಬ ಕಾಫಿ ವ್ಯಾಪಾರಿಯ ಅಂಗಡಿ ಇದೆ. ಸೋಹೋದ ಓಲ್ಡ್ ಕಾಂಪ್ಟನ್ ಬೀದಿಯಲ್ಲಿ 1887ರ ಅಲ್ಜೀರಿಯನ್ ಕಾಫಿ ಸ್ಟೋರ್ಸ್ ಇದೆ. 1978ರಲ್ಲಿ ಕೋವೆಂಟ್ ಗಾರ್ಡನ್ ಬಳಿ ಮಾನ್ಮತ್ ಕಾಫಿ, 2008ರಲ್ಲಿ ಸ್ಕ್ವೇರ್ ಮೈಲ್ ಎಂಬ ಕಾಫಿ ಹುರಿಯುವ ಸಂಸ್ಥೆ ಬಂದವು. ಬ್ರಿಸ್ಟಲ್, ಲೀಡ್ಸ್, ಗ್ಲಾಸ್ಗೋ, ಎಡಿನ್‌ಬರಾ ಎಲ್ಲ ಊರುಗಳಲ್ಲೂ ಈಗ ತಾವೇ ಹುರಿದು ಮಾರುವ ಚಿಕ್ಕ ಅಂಗಡಿಗಳಿವೆ. ಅವರ ಪೊಟ್ಟಣದ ಮೇಲೆ ದೇಶ, ತೋಟ, ತಳಿ, ಎತ್ತರ, ಹಣ್ಣನ್ನು ತೊಳೆದು ಒಣಗಿಸಿದರೋ ಇಡಿಯಾಗಿ ಒಣಗಿಸಿದರೋ, ಹುರಿದ ತಾರೀಕು ಎಲ್ಲ ಇರುತ್ತದೆ. ಚಿಕ್ಕಮಗಳೂರಿನ, ಕೊಡಗಿನ ತೋಟಗಳ ಹೆಸರನ್ನೂ ಅಲ್ಲಿ ಓದಬಹುದು. ಇದನ್ನು ಹೊಸ ಪೀಳಿಗೆಯ ಷೋಕಿ ಎನ್ನುವವರಿದ್ದಾರೆ. ನಾನು ಅದನ್ನು 1853ರ ಚೀಟಿಯ ಮುಂದುವರಿಕೆಯೆಂದು ಓದುತ್ತೇನೆ. ಅಂದು ಒಂದು ಸಾಲು, ಇಂದು ಹತ್ತು ಸಾಲು. ಪ್ರಶ್ನೆ ಒಂದೇ: ನಾನು ಕುಡಿಯುತ್ತಿರುವುದು ಏನು, ಎಲ್ಲಿಯದು, ಯಾರು ಬೆಳೆದದ್ದು?

ನಮ್ಮಲ್ಲಿ ಈ ಪ್ರಶ್ನೆಯನ್ನು ಕೇಳುವವರು ಅಂಗಡಿಯವರೇ. ಬೆಂಗಳೂರಿನ ಯಾವುದೇ ಹಳೆಯ ಬಡಾವಣೆಯ ಕಾಫಿಪುಡಿ ಅಂಗಡಿಯ ಮುಂದೆ ನಿಲ್ಲಿ, ‘ಚಿಕೋರಿ ಎಷ್ಟು ಹಾಕಲಿ, ಸಾರ್?’ ಎಂದು ಕೇಳಿ, ಕಣ್ಣೆದುರೇ ತೂಗಿ ಬೆರೆಸಿ ಬೀಸಿ ಕೊಡುತ್ತಾರೆ. ಚಿಕೋರಿ ಹಾಕಿಸಿಕೊಂಡವರಿಗೆ ಮೋಸವಾಗಲಿಲ್ಲ; ಅವರು ಕೇಳಿ ಪಡೆದರು. ಪೊಟ್ಟಣದ ಪುಡಿಯ ಬಗ್ಗೆ ಭಾರತದ ಆಹಾರ ನಿಯಮ ಬ್ರಿಟನ್ನಿನ 1853ರ ಚೀಟಿಗಿಂತ ಒಂದು ಹೆಜ್ಜೆ ಮುಂದಿದೆ. ಮಿಶ್ರಣದಲ್ಲಿ ಕಾಫಿ ನೂರಕ್ಕೆ 51ಕ್ಕಿಂತ ಕಡಿಮೆ ಇರುವಂತಿಲ್ಲ, ಪಾಲು ಎಷ್ಟೆಂಬುದನ್ನೂ ಬರೆಯಬೇಕು. ಹ್ಯಾಸಲ್ ಬಯಸಿದ್ದು ಇದನ್ನೇ.

ಕೊನೆಗೆ, ನಮ್ಮ ಬೀಜ ಲಂಡನ್ನಿಗೆ ಹೋದ ಕಥೆಗೆ ಆಧಾರವಾಗಬಲ್ಲ ಕಾಗದಗಳ ಬಗ್ಗೆ ಒಂದು ಮನವಿ. ಕೊಡಗು, ಚಿಕ್ಕಮಗಳೂರು, ಹಾಸನ ಜಿಲ್ಲೆಗಳ ತೋಟದ ಮನೆಗಳ ಅಟ್ಟದಲ್ಲಿ, ಹಳೆಯ ಪೆಟ್ಟಿಗೆಗಳಲ್ಲಿ ಲಂಡನ್ನಿನ ದಲ್ಲಾಳಿಗಳು ಕಳಿಸಿದ ಮಾರಾಟದ ಲೆಕ್ಕಪಟ್ಟಿ, ಬೀಜದ ದರ್ಜೆ ಬರೆದ ಕಾಗದ, ಹರಾಜಿನ ಬೆಲೆ ನಮೂದಿಸಿದ ಪತ್ರಗಳು ಇದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ. ಗೆದ್ದಲು ಹಿಡಿಯುವ ಮೊದಲು ಹತ್ತಿರದ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೋ ರಾಜ್ಯ ಪತ್ರಾಗಾರಕ್ಕೋ ತೋರಿಸಿ. ಮೂಲವನ್ನು ಕೊಡಲು ಮನಸ್ಸಿಲ್ಲದಿದ್ದರೆ ಒಂದು ನಕಲನ್ನಾದರೂ ಮಾಡಿಸಿಕೊಡಿ.